ಮಗ್ಗದ ಕಂಬದ ನೀಲಿ ನೂಲು

ಗಜೇಂದ್ರಗಡ, ೧೮ ನವೆಂಬರ್ ೧೯೫೪, ಗುರುವಾರ

ಕಂಬದಲ್ಲಿ ನೀಲಿ ನೂಲು ಇಲ್ಲ! ಸಂಜೆ ಊಟಕ್ಕೆ ಕೂತಾಗ ಕಂಡದ್ದು, ಇನ್ನೂ ಕಣ್ಣಿಗೆ ಚುಚ್ಚುತ್ತಿದೆ.

ನನ್ನ ಶಿವಬಸವ್ವನಿಗೆ ಅಕ್ಷರ ಬಾರದು. ಮದುವೆಯಾದ ವರ್ಷದಿಂದ, ನೋಡಬೇಕೆನಿಸಿದ ಊರಿಗೊಂದು ಬಣ್ಣದ ನೂಲನ್ನು ಮಗ್ಗದ ಕಂಬಕ್ಕೆ ಕಟ್ಟುತ್ತ ಬಂದಳು. ಕಾಶಿಗೆ ಹಳದಿ, ವಿಜಾಪುರಕ್ಕೆ ಬಿಳಿ, ಕಾರವಾರದ ಸಮುದ್ರಕ್ಕೆ ನೀಲಿ. ನರಗುಂದದ ಗುಡ್ಡ ಹತ್ತಿ ಬಂದ ದಿನ ಕೆಂಪು ನೂಲು ಬಿಚ್ಚಿ ತುರುಬಿಗೆ ಸುತ್ತಿಕೊಂಡಳು. ಬಿಚ್ಚಿದ್ದು ಅದೊಂದೇ. ನಾನೋ, ನಾಟಕದಲ್ಲಿ ರಾಜನ ಪಾತ್ರ ಮಾಡುವವನು, ಅದೇ ಗಂಟಲಿನಲ್ಲಿ "ಎಲೈ ರಮಣೀ, ಬಾಳೆಂಬುದೇ ದಿಗ್ವಿಜಯ!" ಎಂದು ಓಣಿ ನಡುಗಿಸಿದೆ, ಹೊರಡುವುದನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳುತ್ತಲೇ ಬಂದೆ.

ಈಗ ಅವಳಿಗೆ ಕ್ಷಯ. ಬೆಳಗ್ಗೆ ರೋಣದಲ್ಲಿ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ತಲೆ ಅಲ್ಲಾಡಿಸಿದರು. ಮರಳುವ ಬಸ್ಸಿನಲ್ಲಿ ಅವಳು ನನ್ನ ಮುಖವನ್ನೊಮ್ಮೆ ನೋಡಿ ಕಿಟಕಿಯತ್ತ ತಿರುಗಿದಳು.

"ನೀಲಿ ನೂಲು ಎಲ್ಲಿ?" ಎಂದೆ.

"ಮಗ್ಗದಾಗಿನ ಸೀರಿ ಅಂಚಿನ ಎಳಿ ಹರದಿತ್ರಿ. ಅದ ಬಣ್ಣ ಬೇಕಾಗಿತ್ತು, ಅದನ್ನ ಜೋಡಿಸಿದೆ."

"ಹುಚ್ಚಿ! ಅದು ನಿನ್ನ ಕಾರವಾರ!"

"ಹೌದ್ರಿ. ಆ ಸೀರಿ ಉಟ್ಟಾಕಿನರ ಹೋಗಿ ಬರ್ಲಿ." ಕೆಮ್ಮು ನಿಂತ ಮೇಲೆ ನಕ್ಕಳು. "ಯಾಕ್ರಿ ಮಹಾರಾಜರ, ಧ್ವನಿ ಬಿತ್ತೇನು?"

ಬಿದ್ದೇ ಹೋಗಿತ್ತು. ತುಂಬಿದ ಸಭೆಯ ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಧ್ವನಿ, ಒಬ್ಬಳ ಎದುರು ಹೊರಡಲಿಲ್ಲ.

ನಾಳೆ ಸೀರೆ ಮುಗಿಯುತ್ತದೆ, ಸಾಹುಕಾರ ಒಯ್ಯುತ್ತಾನೆ. ಅವಳು ಮಲಗಿದ ಮೇಲೆ ಕಂದೀಲು ಹಿಡಿದು ಅಂಚನ್ನು ಉದ್ದಕ್ಕೂ ತಡವಿದೆ. ನೀಲಿ ನೂಲು ಜೋಡಿಸಿದ ಆ ಗಂಟನ್ನಾದರೂ ಒಮ್ಮೆ ಮುಟ್ಟಬೇಕಿತ್ತು. ಬೆರಳಿಗೆ ಸಿಗಲಿಲ್ಲ. ಅಷ್ಟು ನಯವಾಗಿ ಹಾಕಿದ್ದಾಳೆ.