ನನ್ನ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ

ಪ್ರೀತಿಯ ಅಕ್ಕಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಕಾಗೆ ಕಾಲು ಗುಬ್ಬಿ ಕಾಲಾದರೂ ಇದನ್ನು ಬರೆದದ್ದು ನನ್ನ ಬಲಗೈ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ನಾನು ಬಿದ್ದ ದಿನ, ಇನ್ನಿದು ಮುಗಿಯಿತು ಎಂದು ನೀವೆಲ್ಲ ಕೈಬಿಟ್ಟ ಅದೇ ಕೈ.

ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ನೀನು ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಬಿಚ್ಚಿ ಟಿಚ್ ಬಟನ್ ಹೊಲಿದಿಟ್ಟಿದ್ದೆ, ಎಡಗೈಯಲ್ಲೇ ಒತ್ತಿಕೊಳ್ಳಲಿ ಎಂದು. ದರ್ಜಿಯ ಪ್ರೀತಿ ಇನ್ನು ಹೇಗಿರುತ್ತದೆ! ಲೋಟ, ಬಾಚಣಿಗೆ ಎಲ್ಲವೂ ನನ್ನ ಎಡಕ್ಕೆ ಬಂದವು. ನನಗೂ ಹಾಯೆನಿಸಿತು. ಬಲಗೈ ಮಡಿಲಲ್ಲಿ ನೆಂಟರಂತೆ ಕೂತುಬಿಟ್ಟಿತು.

ವ್ಯಾಯಾಮ ಮಾಡಿಸುವ ಮೇಡಂ ನಿನ್ನ ಟಿಚ್ ಬಟನ್ ನೋಡಿ ಹಣೆ ಚಚ್ಚಿಕೊಂಡರು. "ಮಿದುಳಲ್ಲಿ ಸತ್ತ ಜಾಗ ಮತ್ತೆ ಹುಟ್ಟಲ್ಲ ಕಣಮ್ಮ. ಆದ್ರೆ ಅಕ್ಕಪಕ್ಕದ ಜಾಗ ಆ ಕೆಲಸ ಕಲಿಯಬಹುದು. ಕೆಲಸಾನೇ ಕೊಡದಿದ್ರೆ ಹೇಗೆ ಕಲಿಯುತ್ತೆ?" ಎಂದವರೇ ನನ್ನ ಎಡಗೈಗೆ ದಪ್ಪ ಕಾಲುಚೀಲ ತೊಡಿಸಿ ಕಟ್ಟಿದರು. "ಇರೋ ಒಂದು ಕೈನೂ ಕಟ್ಟಿಹಾಕ್ತಾರಲ್ಲೇ!" ಎಂದು ನೀನು ಅತ್ತುಬಿಟ್ಟೆ.

ನಮ್ಮ ಅಂಗಡಿಯಲ್ಲೇ ನಡೆದದ್ದು ಮರೆತೆಯಾ? ಗುಂಡಿ ತೂರುವ ಕಾಜಾ ಹಾಕುತ್ತಿದ್ದ ಅಜ್ಜ ತೀರಿಕೊಂಡಾಗ, ಪಕ್ಕದ ಮಿಷನ್ನಿನವಳು ಬಟ್ಟೆ ಹಾಳುಮಾಡಿ, ನಿನ್ನಿಂದ ಬೈಸಿಕೊಂಡೇ ಆ ಕೆಲಸ ಕಲಿತಳು. ನೀನು ಸೂಜಿ ಕಿತ್ತುಕೊಂಡಿದ್ದರೆ ಕಲಿಯುತ್ತಿದ್ದಳೇ? ನನ್ನ ತಲೆಯೊಳಗೂ ಈಗ ಅಂಥವಳೊಬ್ಬಳು ಕೂತಿದ್ದಾಳೆ.

ನಿನ್ನೆ ನೀನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ಅವಳು ಇನ್ನು ಕತ್ತರಿ ಹಿಡಿಯೋ ಮಾತೇ ಇಲ್ಲ. ಕಟಿಂಗ್‌ಗೆ ನೀವೇ ಬಂದ್ಬಿಡಿ." ಬಿದ್ದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ ಅಕ್ಕಾ. ಅವರು ಬರಲಿ, ಅಂಗಡಿ ನಡೆಯಬೇಕಲ್ಲ. ಆದರೆ ಅಂಗಡಿ ಗೋಡೆಯ ಮೊಳೆಗೆ ತೂಗುಹಾಕಿರುವ ನನ್ನ ಕತ್ತರಿ ಬೇರೆ ಯಾರ ಕೈಗೂ ಇಳಿಯಕೂಡದು. ಮೊದಲಿನಷ್ಟು ನೇರವಾಗಿ ಕತ್ತರಿಸುತ್ತೇನೋ ಇಲ್ಲವೋ, ಮೇಡಂಗೂ ಗೊತ್ತಿಲ್ಲ. ಆಗುವುದಿಲ್ಲ ಎಂದು ಅವರು ಹೇಳಿಲ್ಲ. ನೀನೂ ಹೇಳಬೇಡ.

ಇವತ್ತು ನನ್ನ ಹಸಿರು ಅಂಗಿಯ ಒಂದು ಟಿಚ್ ಬಟನ್ ಬಿಚ್ಚಿ ಗುಂಡಿ ಹೊಲಿದೆ. ದಾರ ಪೋಣಿಸಿದ್ದು ಅಮ್ಮ, ಬಟ್ಟೆ ಒತ್ತಿ ಹಿಡಿದದ್ದು ಕಾಲುಚೀಲದ ಎಡಗೈ, ಹೊಲಿದದ್ದು ಬಲಗೈ. ಬೆಳಿಗ್ಗೆ ಕೂತವಳು ಎದ್ದಾಗ ಊಟದ ಹೊತ್ತು ಮೀರಿತ್ತು. ಗುಂಡಿ ಸೊಟ್ಟಗಿದೆ. ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ, ಗೊತ್ತು. ಬಿಚ್ಚಿ ನೇರ ಮಾಡಿದೆಯೋ, ನನಗೂ ನಿನಗೂ ಮಾತಿಲ್ಲ.

ನಿನ್ನ ಕೈ ನೂರು ಕಾಲ ಚೆನ್ನಾಗಿರಲಿ, ನನ್ನ ಗುಂಡಿಗಳಿಂದ ದೂರವಿರಲಿ.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ
ನಿನ್ನ ತಂಗಿ