ಬೆನ್ನ ಮೇಲಿನ ಚೇಳು

ಯವ್ವಾ,

ಮಲಗಿದ್ದೀಯಾ ಅಂತ ಕೇಳಲು ಬಾಯಿ ತೆರೆದಿದ್ದೆ. ಎಂಥ ಪ್ರಶ್ನೆ ನೋಡು. ಬರೆಯಲು ಕೂತರೆ ಕೈ ಓಡುವುದಿಲ್ಲ, ಅದಕ್ಕೇ ಫೋನು ಬಾಯಿಗೆ ಹಿಡಿದು ಮಾತಾಡುತ್ತಿದ್ದೇನೆ. ನಿನಗೂ ಓದಲು ಬರುತ್ತಿರಲಿಲ್ಲವಲ್ಲ, ಕೇಳಿಸಿಕೊ. ಹೈದರಾಬಾದಿನ ಗೋದಾಮಿನಲ್ಲೇ ಇನ್ನೂ ಇದ್ದೇನೆ, ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಒಂದು ಸಂಗತಿ ತಲೆಯಲ್ಲಿ ಸಿಕ್ಕಿಕೊಂಡಿದೆ, ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ? ನನ್ನ ಎಡ ಹೆಗಲಿನ ಹಿಂದೆ ಚೇಳಿನ ಹಚ್ಚೆ ಯಾಕೆ ಹಾಕಿಸಿದೆ? ಆ ಚೇಳು ಇರುವತನಕ ನನ್ನನ್ನು ಯುದ್ಧವಿಮಾನ ಹತ್ತಿಸುವುದಿಲ್ಲವಂತೆ.

ಮಲ್ಲಟದ ಗದ್ದೆಯಲ್ಲಿ ನೀವೆಲ್ಲ ಭತ್ತದ ಸಸಿ ಹಚ್ಚುತ್ತಿದ್ದಾಗ ಎರಡು ವಿಮಾನ ತಲೆಯ ಮೇಲೇ ಹೋದವು, ನೆನಪಿದೆಯಾ? ಅವು ಹೋದ ಮೇಲೆ ಸದ್ದು ಬಂತು. ನೀನು ಕೆಸರುಗೈಯಲ್ಲೇ ನನ್ನನ್ನು ಎದೆಗೆ ಎಳೆದುಕೊಂಡೆ.

"ಅದರಾಗ ಮನಿಷ್ಯಾ ಇರ್ತಾನೇನಲೇ?"

"ಹೂಂ ಬೇ, ಒಬ್ಬ ಇರ್ತಾನ."

"ಒಬ್ಬನಾ? ಜತಿಗಿ ಯಾರೂ ಇಲ್ಲ? ಅವರವ್ವ ಹೆಂಗ ಬಿಟ್ಟಳೋ ಏನೋ!"

ನಿನ್ನ ಜೊತೆಯವರು ನಕ್ಕರು. "ನಿನ್ನ ಮಗಾನೂ ಹಾರಸ್ತೀಯೇನಬೇ?" ಅಂದರು. ನೀನು, "ಎಮ್ಮಿ ಹಿಂದ ಹೋಗಂದ್ರ ಹೋಗಲ್ಲ, ಇಂವಾ ಏನ್ ಹಾರ್ತಾನ" ಅಂದೆ. ಅವತ್ತೇ ನನಗೆ ಹುಚ್ಚು ಹಿಡಿದದ್ದು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಬಿಡುತ್ತಿದ್ದೆಯಾ?

ನೀನು ಮಣ್ಣು ಸೇರಿದ ಮೇಲೆ ವಾಯುಪಡೆಯ ಪರೀಕ್ಷೆ ಬರೆದೆ. ಡಿಗ್ರಿ ಆಗಿರಬೇಕು, ಗಣಿತ, ಭೌತಶಾಸ್ತ್ರ ಓದಿರಬೇಕು. ರಾಯಚೂರಿನ ಕಾಲೇಜು ಅಷ್ಟನ್ನು ಕೊಟ್ಟಿತ್ತು. ಪಾಸಾದವರನ್ನು ಮೈಸೂರಿಗೆ ಕರೆದು ಅಲ್ಲೇ ಇಟ್ಟುಕೊಂಡು ನೋಡಿದರು. ಒಂದು ಚಿತ್ರ ತೋರಿಸಿ ಕತೆ ಬರೆಸಿದರು. ಹಗ್ಗ, ಹಲಗೆ ಕೊಟ್ಟು ಎಲ್ಲರೂ ಸೇರಿ ಹಳ್ಳ ದಾಟಿ ಎಂದರು. ಇಂಗ್ಲಿಷಿನಲ್ಲಿ ವಾದ ಮಾಡಿ ಎಂದಾಗ ತಡವರಿಸುತ್ತಲೇ ಮಾತಾಡಿದೆ. ಆಮೇಲೆ ಯಂತ್ರದ ಪರೀಕ್ಷೆ: ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವೋ ಇಲ್ಲವೋ ಅಂತ. ಅದರಲ್ಲಿ ಬಿದ್ದವನು ಜನ್ಮದಲ್ಲಿ ಪೈಲಟ್ ಆಗುವಂತಿಲ್ಲ. ನಾನು ಪಾಸಾದೆ, ಯವ್ವಾ. ಬೆಂಗಳೂರಿನ ಮೆಡಿಕಲ್‌ನಲ್ಲಿ ಗೋಡೆಗೆ ಒರಗಿಸಿ ಕಾಲು ಅಳೆದರು. ಕಾಲು ಗಿಡ್ಡವಾದರೆ ಆಗದು, ಬಹಳ ಉದ್ದವಾದರೂ ಆಗದು. ನಿನ್ನ ಕಾಲೇ ನನಗೆ ಬಂದಿವೆ, ಸರಿಯಾದವು. ಕಣ್ಣೂ ಸರಿ, ಎದೆಯೂ ಸರಿ. ಆಮೇಲೆ ತಿರುಗಿ ನಿಲ್ಲು ಎಂದರು.

ಹಚ್ಚೆ ಇದೆ ಎಂದು ಮೈಸೂರಿನಲ್ಲೇ ಹೇಳಿದ್ದೆ, ಮುಚ್ಚಿಟ್ಟಿರಲಿಲ್ಲ. ಮೆಡಿಕಲ್‌ನಲ್ಲಿ ತೀರ್ಮಾನವಾಗುತ್ತದೆ ಎಂದಿದ್ದರು. ಡಾಕ್ಟರು ಬೆರಳಲ್ಲಿ ಚೇಳನ್ನು ಮುಟ್ಟಿ ಕೇಳಿದರು: "ಇದು ನಿಮ್ಮ ಜನರ ಪದ್ಧತಿನಾ?"

"ಗೊತ್ತಿಲ್ಲ ಸರ್."

"ನಿಮ್ಮ ಬೆನ್ನು, ನಿಮಗೇ ಗೊತ್ತಿಲ್ವಾ?"

ಮುಂಗೈ ಒಳಗಡೆ ಇದ್ದರೆ ನಡೆಯುತ್ತದೆ, ಬೆನ್ನ ಮೇಲೆ ನಡೆಯುವುದಿಲ್ಲ. ಕೆಲವು ಬುಡಕಟ್ಟಿನವರ ಪದ್ಧತಿಯಾದರೆ ಮಾತ್ರ ಯೋಚಿಸುತ್ತಾರೆ. "ತೆಗೆಸಿಕೊಂಡು ಬನ್ನಿ, ಮತ್ತೆ ನೋಡ್ತೀವಿ. ಕಲೆ ಉಳಿದ್ರೆ ಒಪ್ತೀವಿ ಅಂತ ನಾನು ಹೇಳಲ್ಲ" ಎಂದರು. ವಯಸ್ಸಿನ ಮಿತಿ ದಾಟಲು ಸ್ವಲ್ಪವೇ ಉಳಿದಿದೆ.

ಮಾನ್ವಿಗೆ ಬಂದೆ. ಅಪ್ಪ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಸಾರಿನ ದೊಡ್ಡ ಪಾತ್ರೆಗೆ ಸೌಟು ತಿರುವುತ್ತಿದ್ದ. ಪದ್ಧತಿ ಅಂತ ಎಲ್ಲಾದರೂ ಒಂದು ಮಾತು ಬರೆಸಿಕೊಂಡು ಬರೋಣವೇ ಎಂದೆ. ಸೌಟು ನಿಂತಿತು.

"ಏನಂತ ಬರಿಸ್ಲಿ? ನಾವು ಬುಡಕಟ್ಟಿನವ್ರಾ? ಮನ್ಯಾಗ ಬುದ್ಧನ್ನ ಇಟ್ಕೊಂಡು, ಬರಿ ಎಳಿಯೂದು ಬ್ಯಾಡ, ಹಚ್ಚಿ ಬ್ಯಾಡ, ಹರಕಿ ಬ್ಯಾಡ ಅಂತ ಮಂದಿಗೆಲ್ಲಾ ಹೇಳಿದಾವ ನಾನು. ಈಗ ಅದು ನಮ್ಮ ಪದ್ಧತಿ ಅನ್ಲೇನು?"

"ಮತ್ತ ಅದೇನಪ್ಪಾ?"

"ಪದ್ಧತಿ ಅಲ್ಲಲೇ. ಒಬ್ಬಾಕಿ ಹೆದರಿಕಿ."

"ಅಳಿಸಿಬಿಡ್ಲಾ?"

"ನನ್ನ ಕೇಳಬ್ಯಾಡ. ಹಾಕ್ಸಿದಾಕಿನ್ನ ಕೇಳು."

ಹಾಕಿಸಿದವಳನ್ನು ಎಲ್ಲಿ ಕೇಳಲಿ? ಗೂಗಲ್ ಊರಿಗೆ ಹೋದೆ, ಚಿಕ್ಕವ್ವನ ಮನೆಗೆ. ಹಚ್ಚೆ ಹಾಕಿಸಿದ ದಿನ ನಿನ್ನ ಜೊತೆ ದೇವದುರ್ಗದ ಸಂತೆಗೆ ಬಂದವಳು ಅವಳೇ ಅಲ್ಲವೇ? ಅಪ್ಪನಿಗೆ ಕಾಣಬಾರದು ಅಂತ ಬೆನ್ನಿಗೆ ಹಾಕಿಸಿದ್ದೀಯ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಚಿಕ್ಕವ್ವ ಮೆಣಸಿನಕಾಯಿ ಹರವುವುದನ್ನು ಬಿಟ್ಟು ಕೂತಳು.

"ಅದಕ್ಕಲ್ಲೋ ಯಪ್ಪಾ. ನಿನಗ ಜ್ವರ ಬಂದಿತ್ತು. ನಿನಕಿಂತ ಮೊದಲಿನವು ಎರಡೂ ಜ್ವರದಾಗೇ ಹೋಗಿದ್ವು. ಹಚ್ಚಿ ಹಾಕೋ ಮುದುಕಿ ನಿನ್ನ ಕೈ ಹಿಡಿದು, ಮುಂಗೈ ಒಳಗಡಿ ಹೂವು ಹಾಕ್ತೀನಿ, ಚಂದ ಕಾಣ್ತದ ಅಂದ್ಲು. ನಿಮ್ಮವ್ವ ಆಕಿ ಕೈ ಕಿತ್ತಿ ಬಿಸಾಕಿದ್ಲು. ಚಂದ ಆಗೂದು ಬ್ಯಾಡಬೇ, ಚಂದ ಇದ್ದವನ್ನ ಆ ಸಾವು ಒಯ್ದದ. ಬೆನ್ನಿಗಿ ಚೇಳು ಹಾಕು. ಎದುರಿಗಿ ನಾ ಇರ್ತೀನಿ, ಹಿಂದ ಯಾರ್ ನೋಡ್ಕೋತಾರ? ಅಂದ್ಲು."

ಮುಂಗೈ, ಯವ್ವಾ. ಆ ಮುದುಕಿ ಮುಂಗೈಯನ್ನೇ ಹಿಡಿದಿದ್ದಳು. ಅಲ್ಲಿ ಹೂವು ಹಾಕಿಸಿದ್ದರೆ ನಾನು ಇಷ್ಟೊತ್ತಿಗೆ ತರಬೇತಿಗೆ... ಹೋಗಲಿ ಬಿಡು. ಬಸ್ಸಿನಲ್ಲಿ ಬರುವಾಗ ಸಿಟ್ಟು ಬಂತು. ಆಮೇಲೆ ಯಾರ ಮೇಲೆ ಸಿಟ್ಟು ಅಂತ ತಿಳಿಯಲಿಲ್ಲ. ಬದುಕಿಸಿದ್ದಕ್ಕೆ ಸಿಟ್ಟು ಮಾಡುವುದೇ? ನಾನು ಬದುಕಿದ್ದು ಚೇಳಿನಿಂದ ಅಲ್ಲ, ಸೂಜಿ ಮದ್ದಿನಿಂದ ಅಂತ ಅಪ್ಪ ಹೇಳುತ್ತಾನೆ. ಇದ್ದರೂ ಇರಬಹುದು. ಆದರೆ ಎರಡು ಮಕ್ಕಳನ್ನು ಮಣ್ಣು ಮಾಡಿ ಬಂದವಳಿಗೆ ಅದನ್ನು ಯಾರು ಹೇಳಬೇಕಿತ್ತು? ನನಗಂತೂ ಬಾಯಿ ಬರುವುದಿಲ್ಲ.

ಅಳಿಸಲು ಹೋದೆ. ಇಲ್ಲೇ ಒಂದು ಚರ್ಮದ ಆಸ್ಪತ್ರೆಯಲ್ಲಿ ಲೇಸರ್ ಹಾಕುತ್ತಾರೆ, ಬಿಸಿ ಎಣ್ಣೆ ಸಿಡಿದ ಹಾಗೆ ಆಗುತ್ತದೆ. ವಿಜ್ಞಾನ ಓದಿದವನು ನಾನು. ಆದರೂ ಮೊದಲ ಸಲ ಬೆನ್ನಿಗೆ ಆ ಬೆಳಕು ತಾಗಿದ ಮೇಲೆ, ಆ ವಾರವೆಲ್ಲ ರಸ್ತೆ ದಾಟುವಾಗ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಇಂಥವನು ಏನು ವಿಮಾನ ಹಾರಿಸುತ್ತಾನೆ ಅಂತ ನನಗೇ ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಈ ಸಲ ಆಸ್ಪತ್ರೆಗೆ ಹೋಗುವಾಗ ಅಪ್ಪ ಹೇಳದೆ ಕೇಳದೆ ಮಾನ್ವಿಯಿಂದ ಬಂದುಬಿಟ್ಟಿದ್ದ, ಬುತ್ತಿ ಕಟ್ಟಿಕೊಂಡು. ಕೋಣೆಗೆ ಬಂದ ಮೇಲೆ ಮುಲಾಮು ಹಚ್ಚಲು ಕೂತ. ನನ್ನ ಬೆನ್ನನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ ಅನ್ನಿಸುತ್ತದೆ. ಬೆರಳಿಗೆ ಮುಲಾಮು ತೆಗೆದುಕೊಂಡ. ಆಮೇಲೆ,

"ಚೇಳಿನ ಕಾಲೆಲ್ಲಾ ಹೋಗ್ಯಾವಲೇ. ಕೊಂಡಿ ಮಾತ್ರ ಅಲ್ಲೇ ಅದ. ನಿಮ್ಮವ್ವ ಸುಮ್ಮನ ಬಿಡಾಕಿ ಅಲ್ಲ" ಅಂದ.

ಆ ಕೊಂಡಿಯ ಸುತ್ತ ಅವನ ಬೆರಳು ಮೆಲ್ಲಗೆ ಓಡಾಡುತ್ತಿತ್ತು, ನೋವಾಗದ ಹಾಗೆ.

ವಾಯುಪಡೆಯವರು ಒಪ್ಪುತ್ತಾರೋ, ಕಲೆ ನೋಡಿ ವಾಪಸು ಕಳಿಸುತ್ತಾರೋ, ಗೊತ್ತಿಲ್ಲ. ಮಾಡುತ್ತಿರುವುದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಮುಕ್ಕಾಲು ಚೇಳು ಹೋಗಿದೆ, ಯವ್ವಾ, ನಾನು ಇದ್ದೇನೆ. ಮುಂದಿನ ಸಲ ಕೊಂಡಿಯೂ ಹೋಗುತ್ತದೆ. ನೀನು ಹೆದರಬೇಡ.