ಎದ್ದು ಹೋಗುವವರ ನಿಯಮ

ಗರುಡಾಚಾರ್‌ಪಾಳ್ಯ, ಬೆಂಗಳೂರು
ಸೋಮವಾರ, ೧೧ ಜೂನ್ ೨೦೦೭

ಕಲ್ಲೆದೆಯ ಮೊಮ್ಮಗ ಭೀಮಾಶಂಕರನಿಗೆ,

ಈ ಕಾಗದವನ್ನೂ ಓದದೆ ಗಲ್ಲಾದ ಕೆಳಗೆ ತುರುಕಬೇಡ. ಸೊಲ್ಲಾಪುರದ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ಗಿರಾಕಿಗಳ ಹತ್ತಿರ ಬಾಯಿ ಬಡಕೊಳ್ಳುತ್ತೀಯಂತೆ, ಹಡೆದವಳ ಹತ್ತಿರ ಒಂದು ಮಾತಾಡಲು ಆ ಬಾಯಿಗೆ ಏನು ಬಂದಿದೆ? ಫೋನು ಮಾಡಿದರೆ ನಿಮ್ಮ ಮಾವ ಎತ್ತಿ, ಅವನು ಗೋದಾಮಿನಲ್ಲಿದ್ದಾನೆ ಅನ್ನುತ್ತಾನೆ. ಅಲ್ಲೇ ಸಂಸಾರ ಹೂಡಿದ್ದೀಯೇನು? ಇರಲಿ, ಮೈ ಹೇಗಿದೆ, ಕೆಮ್ಮು ಬಿಟ್ಟಿತೋ? ನನ್ನ ಮೊಣಕಾಲಿನ ಸುದ್ದಿ ಕೇಳಬೇಡ. ನಿಮ್ಮವ್ವ ಸಾಬಮ್ಮ ಇದ್ದಾಳೆ, ಅಷ್ಟೇ. ಸಕ್ಕರೆ ಕಾಯಿಲೆ ಕಣ್ಣು ತಿಂದು ಮುಗಿಸಿ ಈಗ ಕಾಲಿನ ಬೆರಳಿಗೆ ಇಳಿದಿದೆ.

ಶನಿವಾರ ನಿನ್ನ ತಂಗಿ ಉಮಾಶ್ರೀ ನನ್ನನ್ನು ಇಂದಿರಾನಗರಕ್ಕೆ, ಆ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರ ಕೂಟಕ್ಕೆ ಕರಕೊಂಡು ಹೋದಳು. ಮೊದಲೆಲ್ಲ ಜೊತೆಗೆ ನೀನಿದ್ದೆ, ಈಗ ಈ ಮುದುಕಿ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾದು ನನ್ನ ಸೊಂಟ ಹೋಯಿತು. ಸಭೆ ಅಂದರೆ ಹಾರ, ಅಧ್ಯಕ್ಷರು, ಸ್ವಾಗತದ ಮಾತು ಇರುತ್ತೆ ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಒಂದು ಬೋಳು ಗೋಡೆ. ಯಾರಿಗೆ ಏನು ಹೇಳಬೇಕೋ ಚೀಟಿಯಲ್ಲಿ ಬರೆದು ಅಂಟಿಸಬೇಕಂತೆ, ಬೇಕಾದವರು ಆ ಕೋಣೆಗೆ ಬರುತ್ತಾರಂತೆ. ನಮ್ಮ ಹುಡುಗಿ ‘ಕನ್ನಡ ಓದಿ ಹೇಳುವ ಕಂಪ್ಯೂಟರ್’ ಎಂದು ಬರೆದು ಕೆಳಗೆ ನಿಮ್ಮಿಬ್ಬರ ಹೆಸರೂ ಹಾಕಿದಳು. ಮನೆ ಬಿಟ್ಟು ಹೋದವನ ಹೆಸರು ಯಾಕೆ ಎಂದೆ. “ದನಿ ಅವನದಲ್ವಾ ಅಜ್ಜಿ” ಅಂದಳು.

ಅದೂ ನಿಜವೇ. ಅವ್ವನಿಗೆ ಪೇಪರು ಓದಿ ಹೇಳಲಿ ಎಂದು ತಾನೇ ಇಬ್ಬರೂ ಅದನ್ನು ಶುರು ಮಾಡಿದ್ದು. ಲಾರಿ ಸದ್ದು ಬೀಳಬಾರದೆಂದು ನೀನು ನನ್ನ ಕೌದಿ ಹೊದ್ದು, ಬೆವರಿ, ಒಂದೊಂದೇ ಅಕ್ಷರದ ದನಿ ಅದಕ್ಕೆ ಕೊಟ್ಟೆ. ಅರ್ಧ ಆಗಿತ್ತು. ಅಷ್ಟರಲ್ಲಿ ಉಮಾಶ್ರೀ ನಿನ್ನನ್ನು ಕೇಳದೆ ಅದನ್ನು ಊರವರಿಗೆಲ್ಲ ಬಿಟ್ಟಿ ಹಂಚಿದಳು. “ನನ್ನ ಗಂಟಲೇನು ಬೀದಿ ನಲ್ಲಿಯಾ” ಎಂದು ಕೂಗಾಡಿ ನೀನು ಚೀಲ ಎತ್ತಿಕೊಂಡೆ. ಅವಳದು ತಪ್ಪೇ, ನಾನು ಮುಖಕ್ಕೇ ಹೇಳಿದ್ದೇನೆ. ಆದರೆ ಅವ್ವ ಏನು ಮಾಡಿದ್ದಳು?

ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಕಂಪ್ಯೂಟರ್ ಡಬ್ಬ ನಿನ್ನ ದನಿಯಲ್ಲಿ ಓದಿತು. ನೀನು ಕೊಡದೆ ಹೋದ ಅಕ್ಷರ ಬಂದ ಕಡೆ ತಡೆದು, ನುಂಗಿ, ಮುಂದೆ ಹೋಯಿತು. ಒಬ್ಬ ಎದ್ದ. ಹಿಂದೆಯೇ ಇನ್ನೊಬ್ಬಳು. ನಾನು ಮೂರನೆಯವನ ಚೀಲ ಹಿಡಿದು, ಹುಡುಗಿ ಮಾತಾಡುವಾಗ ಏಳ್ತೀಯಲ್ಲ, ಮನೆಯಲ್ಲಿ ಹೇಳಿಕೊಟ್ಟಿಲ್ವಾ ಎಂದೆ. ಅವನು ನಗುತ್ತಲೇ, “ಅಜ್ಜಿ, ಇಲ್ಲಿ ಅದೇ ರೂಲ್ಸು. ನಮಗೆ ಉಪಯೋಗ ಇಲ್ಲ ಅನ್ಸಿದ್ರೆ ಎದ್ದು ಹೋಗ್ಬಹುದು, ಯಾರೂ ಬೇಜಾರು ಮಾಡ್ಕೊಳಲ್ಲ” ಅಂದ. “ನಮ್ಮ ಮನೆಗೆ ಆ ರೂಲ್ಸು ಆಗ್ಲೇ ಬಂದಿದೆ ಕಣಪ್ಪ, ಬೇಜಾರು ಮಾತ್ರ ಇನ್ನೂ ಹೋಗಿಲ್ಲ” ಅಂದೆ. ಅವನ ನಗು ನಿಂತಿತು, ಆದರೂ ಹೋದ.

ಕೊನೆಗೆ ಉಳಿದವನು ಫ್ರೇಜರ್ ಟೌನಿನ ರಯಾನ್ ಎನ್ನುವ ಹುಡುಗ. ಅವನ ಚಿಕ್ಕಮ್ಮನಿಗೂ ಕಣ್ಣಿಲ್ಲವಂತೆ. ಅಲ್ಲಿ ಉಳಿದವರು ಸುಮ್ಮನೆ ಕೂರುವ ಹಾಗಿಲ್ಲ, ಏನಾದರೂ ಕೆಲಸಕ್ಕೆ ಕೈ ಹಾಕಬೇಕು. ಅವನು, ಮೊದಲಿಂದ ಎಲ್ಲ ಅಕ್ಷರಕ್ಕೂ ನಾನೇ ದನಿ ಕೊಡ್ತೀನಿ, ಅರ್ಧ ಅವರದು ಅರ್ಧ ನನ್ನದು ಅಂದರೆ ಹೊಂದಲ್ಲ ಎಂದ. ಒಳ್ಳೆಯ ಹುಡುಗ, ಬಯ್ಯಲೂ ಬಾಯಿ ಬರಲಿಲ್ಲ. ಉಮಾಶ್ರೀ ಹೂಂ ಅಂದಳು. ಬಸ್ಸಿನಲ್ಲಿ ಇಳಿಯುವ ತನಕ ಕಿಟಕಿ ಕಡೆಯೇ ಮುಖ.

ಪಕ್ಕದ ಮನೆಯ ಕಮರುನ್ನೀಸಾ ಮೊನ್ನೆ ಡಬ್ಬದಿಂದ ನಿನ್ನ ದನಿ ಕೇಳಿ, ಹುಡುಗ ಬಂದ ಎಂದು ನಿನಗೂ ಚಹಾ ತಂದಿದ್ದಳು. ಆರಿಹೋಯಿತು. ನಿಮ್ಮವ್ವ ಮಧ್ಯಾಹ್ನವೆಲ್ಲ ಆ ಡಬ್ಬದ ಮುಂದೆಯೇ. ಡಬ್ಬ ತಡೆದ ಕಡೆ ತಾನೇ ಆ ಮಾತು ತುಂಬುತ್ತಾಳೆ. ಅವನು ಉಸಿರು ತಗೊಳ್ತಿದ್ದಾನೆ, ಸುಮ್ಮನಿರಿ ಎಂದು ನಮ್ಮನ್ನು ಗದರುತ್ತಾಳೆ.

ಹೊಟ್ಟೆ ತುಂಬ ಉಣ್ಣು, ತಣ್ಣೀರು ಕುಡಿಯಬೇಡ. ನೂರು ವರ್ಷ ಬಾಳು, ಸ್ವಲ್ಪ ಬುದ್ಧಿಯೂ ಬರಲಿ.

ನಿನ್ನ ಅಜ್ಜಿ,
ಅಕ್ಕಯಮ್ಮ

ಮರೆತದ್ದು: ಮುಂದಿನ ತಿಂಗಳ ಕೂಟಕ್ಕೆ ರಯಾನನ ದನಿ ಹಾಕಿ ನಿನ್ನದನ್ನು ಅಳಿಸುತ್ತಾರೆ. ಎರಡೂ ಇಟ್ಟುಕೋ ಎಂದೆ. ಹಳೇ ಡಬ್ಬದಲ್ಲಿ ಜಾಗವಿಲ್ಲ ಅನ್ನುತ್ತಾಳೆ ಉಮಾಶ್ರೀ, ಅದು ಜಾಗದ ಮಾತಲ್ಲ ಎಂದು ನನಗೆ ಗೊತ್ತು. ಅವ್ವನಿಗೆ ಇನ್ನೂ ಹೇಳಿಲ್ಲ. ಅವಳು ದಿನಾ ಮಲಗುವ ಮುಂಚೆ ಉಮಾಶ್ರೀ ಕೈಲಿ ಒಂದೇ ಸಾಲು ಬರೆಸಿ ನಿನ್ನ ದನಿಯಲ್ಲಿ ಕೇಳುತ್ತಾಳೆ: “ಅವ್ವಾ, ಬಂದೆ.” ಅದನ್ನು ಮಾತ್ರ ಡಬ್ಬ ಎಲ್ಲೂ ನುಂಗುವುದಿಲ್ಲ. ಇನ್ನು ಮೇಲೆ ಅದನ್ನು ರಯಾನ್ ಹೇಳುತ್ತಾನೆ. ಬರುತ್ತೀಯೋ ಇಲ್ಲವೋ, ಜುಲೈ ಹುಟ್ಟುವ ಮೊದಲು ಉತ್ತರ ಬರೆ.